ಆರನೆಯ ಮನೆ

ನಮ್ಮ ಮನೆಯಲ್ಲೊಂದು ತಾಮ್ರದ ತಂಬಿಗೆ ಇದೆ. ವರ್ಷದ ಬಹುಪಾಲು ಅದು ದೇವರ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಪಂಚೆಯ ತುಂಡೊಂದನ್ನು ಹೊದ್ದು ಮಲಗಿರುತ್ತದೆ. ಶ್ರಾವಣ ಬಂತೆಂದರೆ ಎದ್ದು ಕೂರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಟ್ಟೆಯ ಮೇಲೆ ಗೋಪೀಚಂದನದ ನಾಮ ಎಳೆದು, ಕೊರಳಿಗೆ ತುಳಸಿ ಕಟ್ಟಿದ ಮೇಲೆ ಅದನ್ನು ಯಾರೂ ತಂಬಿಗೆ ಅನ್ನುವುದಿಲ್ಲ, ಗೋಪಾಳ ಅನ್ನುತ್ತಾರೆ. ಅದರ ಒಂದು ಪಕ್ಕ ನೆಗ್ಗಿದೆ. ಕಂಚುಗಾರರಿಗೆ ಕೊಟ್ಟು ಸರಿ ಮಾಡಿಸೋಣ ಅಂತ ಹೆಂಡತಿ ಪ್ರತಿ ವರ್ಷ ಹೇಳುತ್ತಾಳೆ. ಬೇಡ ಅಂತ ಪ್ರತಿ ವರ್ಷ ನಾನು ಹೇಳುತ್ತೇನೆ. ಆ ನೆಗ್ಗು ನನ್ನದೇ ಕೈಕೆಲಸ.

ನಮ್ಮೂರು ಸವಣೂರು. ಖಾರಕ್ಕೆ, ವೀಳ್ಯದೆಲೆಗೆ, ‘ದೊಡ್ಡ ಹುಣಸೆ’ ಎಂದು ಕರೆಯುವ ಮೂರು ದೈತ್ಯ ಬಾವೊಬಾಬ್ ಮರಗಳಿಗೆ ಹೆಸರಾದ ಊರು. ನವಾಬರ ಸಂಸ್ಥಾನ 1948ರಲ್ಲಿ ಮುಗಿದಿತ್ತು, ಆದರೆ ನಾನು ಹುಡುಗನಾಗಿದ್ದ ಎಪ್ಪತ್ತರ ದಶಕದಲ್ಲೂ ಮುದುಕರ ಮಾತಿನಲ್ಲಿ ನವಾಬರು ಇನ್ನೂ ಊಟ ಮಾಡಿ ಕೈ ತೊಳೆಯುತ್ತಿದ್ದರು. ಅದೇ ಊರಲ್ಲಿ ಸತ್ಯಬೋಧ ತೀರ್ಥರ ವೃಂದಾವನ. 1744ರಿಂದ 1783ರವರೆಗೆ ಉತ್ತರಾದಿ ಮಠದ ಪೀಠದಲ್ಲಿದ್ದ ಯತಿಗಳು. ಹೀಗಾಗಿ ಬಾಂಗಿನ ಕೂಗೂ ಮಠದ ಗಂಟೆಯೂ ನನ್ನ ಕಿವಿಗೆ ಒಟ್ಟಿಗೇ ಬಿದ್ದವು. ಆಗ ನಾವು ಧಾರವಾಡ ಜಿಲ್ಲೆಯವರು, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ.

ತಿರುಪತಿ ತಿಮ್ಮಪ್ಪ ಮನೆದೇವರಾದವರ ಮನೆಗಳಲ್ಲಿ ಶ್ರಾವಣ ಶನಿವಾರ ಗೋಪಾಳಕ್ಕೆ ಹೋಗುವ ರೂಢಿ. ಬರಿಮೈ, ಮಡಿಪಂಚೆ, ಬರಿಗಾಲು. ಮನೆಯ ಮುಂದೆ ನಿಂತು ‘ಗೋವಿಂದಾ’ ಎಂದು ಕೂಗಬೇಕು, ಮನೆಯವರು ತಂದು ಹಾಕಿದ ಅಕ್ಕಿಯನ್ನು ತಂಬಿಗೆಯಲ್ಲಿ ಹಿಡಿಯಬೇಕು, ಅದನ್ನೇ ಬೇಯಿಸಿ ದೇವರಿಗೆ ನೈವೇದ್ಯ ಮಾಡಬೇಕು. ಮನೆಯಲ್ಲಿ ಹಾನಗಲ್ಲಿನಿಂದ ಬಂದ ಅಕ್ಕಿಯ ಚೀಲ ತುಂಬಿ ನಿಂತಿರುತ್ತಿತ್ತು, ಅತ್ತೆಯನ್ನು ಕೊಟ್ಟ ಊರು ಅದು. ಚೀಲ ತುಂಬಿರುವಾಗ ಬೇಡಿ ತರುವುದು ಯಾಕೆ ಅಂತ ಒಮ್ಮೆ ಅಜ್ಜನನ್ನು ಕೇಳಿದೆ.

“ಚೀಲ ತುಂಬೇದಲಾ, ಅದಕ್ಕs” ಅಂದರು.

ಅಜ್ಜನ ಕಟ್ಟಳೆಗಳು ಖಡಕ್ಕು. ಹೊಸ್ತಿಲು ದಾಟಬಾರದು. ಕೊಡುವವರ ಮುಖ ನೋಡಬಾರದು, ಕೊಟ್ಟದ್ದನ್ನು ಅಳೆಯಬಾರದು. ಹಾಕಿದರೂ ತಲೆ ಬಾಗಿಸು, ಮುಂದಕ್ಕೆ ಹೋಗು ಎಂದರೂ ತಲೆ ಬಾಗಿಸು. ಇಷ್ಟೆಲ್ಲ ವಿನಯ ಹೇಳಿಕೊಟ್ಟು ಕೊನೆಗೆ ಐದು ಮನೆಗಳ ಪಟ್ಟಿ ಕೊಡುತ್ತಿದ್ದರು. ಐದೂ ನಮ್ಮವರ ಮನೆಗಳೇ. ನಮ್ಮವರು ಅಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ತಂಬಿಗೆಯ ವಂಶಾವಳಿ ದೊಡ್ಡದು. ಪುರಂದರದಾಸರ ಗೋಪಾಳಬುಟ್ಟಿ ಇದರ ಮುತ್ತಜ್ಜ. ಕೋಟಿಗಳಲ್ಲಿ ಎಣಿಸುವ ಚಿನಿವಾರ, ಹೆಂಡತಿಯ ಮೂಗುತಿಯ ನೆಪದಲ್ಲಿ ಎಲ್ಲ ತೊರೆದು ವ್ಯಾಸರಾಯರ ಕಾಲಿಗೆ ಬಿದ್ದು ಬುಟ್ಟಿ ಹಿಡಿದ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ಮಧುಕರ ವೃತ್ತಿ ಎಂದು ಅದಕ್ಕೆ ಚಂದದ ಹೆಸರಿಟ್ಟರು. ದುಂಬಿ ಒಂದೊಂದು ಹೂವಿನಿಂದ ತುಸುವೇ ಹೀರಿ ಮುಂದಿನ ಹೂವಿಗೆ ಹೋಗುವ ಹಾಗೆ, ಒಂದೇ ಮನೆಗೆ ಭಾರವಾಗದ ಹಾಗೆ ಬೇಡುವುದು. ಹಳೇ ಮೈಸೂರು ಕಡೆಯ ದಾಸಯ್ಯಗಳ ಕೈಯಲ್ಲಿರುವ ಭವನಾಸಿಯೂ ಇದರ ದಾಯಾದಿಯೇ. ಆ ಪಾತ್ರೆಯನ್ನು ಹಿಡಿಯುವವರು ಬೇರೆ ಜಾತಿಯವರು, ಶಂಖ ಜಾಗಟೆಯ ಜೊತೆ ಬರುತ್ತಾರೆ, ಕೂಗುವುದು ಅದೇ ಗೋವಿಂದನನ್ನು. ನಮ್ಮ ಹಿರೇಕೆರೂರು ಸೀಮೆಯ ಅಬಲೂರಿನವನೆಂದು ಹೇಳುವ ಸರ್ವಜ್ಞನನ್ನೂ ನಾನು ಈ ಸಂತತಿಗೇ ಸೇರಿಸುತ್ತೇನೆ, ಅವನು ಶಿವಭಕ್ತನಾದರೇನಂತೆ. ಕೈಯಲ್ಲಿ ಕಪ್ಪರ ಹಿಡಿದು ಮನೆಮನೆಯಿಂದ ಮಾತು ಬೇಡಿ ತಂದವನು. ತನ್ನ ಹೆಸರಿನ ದೊಡ್ಡಸ್ತಿಕೆಗೆ ಅವನು ಕೊಟ್ಟುಕೊಂಡ ಸಬೂಬೂ ಅದೇ.

ಆ ಶನಿವಾರಕ್ಕೆ ಬರುತ್ತೇನೆ. ನನಗೆ ಹತ್ತು ವರ್ಷ. ಜಿಟಿಜಿಟಿ ಮಳೆ. ನಾಲ್ಕು ಮನೆ ಮುಗಿದಿತ್ತು, ಐದನೆಯದಕ್ಕೆ ಬೀಗ. ನಾಲ್ಕಕ್ಕೇ ಮನೆಗೆ ಮರಳಿದರೆ ಅಜ್ಜ ಬೈಯುತ್ತಾರೆ, ಮಳೆಯಲ್ಲಿ ಮುಂದೆ ಹೋದರೆ ನಾಮ ಕರಗುತ್ತದೆ. ಏನೂ ತೋಚದೆ ಹಿಂದಿನ ಓಣಿಯ ಮನೆಯೊಂದರ ಚಾಚಿನ ಕೆಳಗೆ ನಿಂತೆ. ಒಳಗೆ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಉಣ್ಣೆ ನೂಲುತ್ತಿದ್ದಳು. ಕುರುಬರ ಮನೆ. ಗೋಡೆಗೆ ಕಂಬಳಿ ತೂಗುಹಾಕಿತ್ತು, ತೊಯ್ದ ಕುರಿಯ ವಾಸನೆ ಹೊರಗೂ ಬರುತ್ತಿತ್ತು. ನಾನು ಕೂಗಲಿಲ್ಲ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು, ಅದರ ನಡುವೆ ಬಾಯಿಪಾಠದ ಗೋವಿಂದ ತಾನಾಗಿಯೇ ಹೊರಬಿತ್ತೋ ಏನೋ.

ಮುದುಕಿ ತಲೆಯೆತ್ತಿ ನೋಡಿದಳು. ತಂಬಿಗೆ ನೋಡಿದಳು. ಗಡಬಡಿಸಿ ಎದ್ದು ಒಳಗೆ ಹೋದಳು, ನೀರಿನ ಸದ್ದಾಯಿತು, ಕೈಕಾಲು ತೊಳೆದುಕೊಂಡು ಮೊರದಲ್ಲಿ ಒಂದು ಹಿಡಿ ಬಿಳಿಜೋಳ ಹಿಡಿದು ಹೊರಬಂದಳು. ಹೊಸ್ತಿಲಿನ ಆಚೆಯೇ ನಿಂತಳು.

“ನಮ್ಮ ಮನಿ ಕಾಳು ನಡೀತಾವೇನ್ರೀ?”

ಆ ‘ರೀ’ ಬಗ್ಗೆ ಒಂದು ಮಾತು. ನಮ್ಮ ಕಡೆಯ ಕನ್ನಡದಲ್ಲಿ ಎಲ್ಲ ಕ್ರಿಯಾಪದದ ಬಾಲಕ್ಕೂ ಅಂಟುವ ಅಕ್ಷರ ಅದು. ಬರ್ರೀ, ಕುಂಡರ್ರೀ, ಹೌದ್ರೀ. ಬೆಂಗಳೂರಿನವರು ಇದನ್ನು ನಕಲು ಮಾಡಿ ನಗುತ್ತಾರೆ, ನಗಲಿ. ಆದರೆ ಅದು ಎಲ್ಲರಿಗೂ ಸಮನಾಗಿ ಸಿಗುತ್ತಿತ್ತು ಅಂತ ನಾನು ಬಡಾಯಿ ಕೊಚ್ಚಲಾರೆ. ನಮ್ಮ ಮನೆಗೆ ಕಂಬಳಿ ಮಾರಲು ಬರುತ್ತಿದ್ದ ನರೆತ ಮೀಸೆಯ ಮನುಷ್ಯನಿಗೆ ನಾವು ಮಕ್ಕಳು ಕೂಡ ಏಕವಚನದಲ್ಲೇ ಮಾತಾಡುತ್ತಿದ್ದೆವು. ಅವನು ನಮಗೆ ರೀ ಹಚ್ಚುತ್ತಿದ್ದ. ಅದು ಕಿವಿಗೆ ಎಷ್ಟು ಸಹಜವಾಗಿತ್ತೆಂದರೆ ಆ ದಿನದವರೆಗೆ ನನಗೆ ಕೇಳಿಸಿಯೇ ಇರಲಿಲ್ಲ.

ನಡೀತಾವೆ ಅಂದೆನೋ, ತಲೆ ಆಡಿಸಿದೆನೋ ನೆನಪಿಲ್ಲ. ತಂಬಿಗೆ ಮುಂದೆ ಹಿಡಿದೆ. ಅವಳು ಮೊರವನ್ನು ಎತ್ತರಕ್ಕೆ ಹಿಡಿದು, ಅಂಚು ತಂಬಿಗೆಗೆ ತಾಕದ ಹಾಗೆ, ಜೋಳ ಸುರುವಿದಳು. ನಾಲ್ಕು ಕಾಳು ಕೆಳಗೆ ಬಿದ್ದವು, ಅವನ್ನು ಆರಿಸಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸೊಂಟ ಹಿಡಿದುಕೊಂಡು ಕೆಸರು ನೆಲಕ್ಕೆ ಬಗ್ಗಿ ನನ್ನ ಕಾಲಿನ ಮುಂದೆ ಹಣೆ ಹಚ್ಚಿದಳು. ನಾನು ಬೆಚ್ಚಿ ಹಿಂದೆ ಸರಿದೆ, ತಂಬಿಗೆ ಕಂಬಕ್ಕೆ ಢಣ್ ಎಂದು ಬಡಿಯಿತು. ನೆಗ್ಗು ಆಗಿನದು.

ಅವಳು ಬಿದ್ದದ್ದು ನನಗಲ್ಲ, ತಂಬಿಗೆಯಲ್ಲಿದ್ದ ಗೋವಿಂದನಿಗೆ. ಅಷ್ಟು ತಿಳಿಯುತ್ತಿತ್ತು. ತಿರುಗಿ ನಾನೂ ಬಾಗಬೇಕಿತ್ತು, ಅಜ್ಜನ ಕಟ್ಟಳೆ ಹಾಗೇ ಇತ್ತು. ಬಾಗಲಿಲ್ಲ, ಓಡಿದೆ.

ಮನೆಗೆ ಬಂದು ತಂಬಿಗೆ ಇಳಿಸಿದಾಗ ಬಿಳಿ ಅಕ್ಕಿಯ ಮೇಲೆ ಜೋಳ ಕೂತಿತ್ತು. ಅಜ್ಜಿ ಎಲ್ಲಿಯದು ಎಂದಳು. ಹೇಳಿದೆ. ಅಜ್ಜಿ ಕೆಟ್ಟವಳಲ್ಲ. ಊಟದ ಹೊತ್ತಿಗೆ ಯಾರು ಬಂದರೂ ಉಣ್ಣಿಸದೆ ಕಳಿಸಿದವಳಲ್ಲ, ಕೆಲವರಿಗೆ ಒಳಗೆ, ಕೆಲವರಿಗೆ ಹೊರಗಿನ ಕಟ್ಟೆಯಲ್ಲಿ. ಅವಳು ಜಗಳ ಆಡಲಿಲ್ಲ, ಬೈಯಲಿಲ್ಲ. ಮೇಲಿನ ಜೋಳವನ್ನು ಕಾಳುಕಾಳಾಗಿ ಆರಿಸಿ ಆಕಳಿಗೆ ಹಾಕಿದಳು. ಅಕ್ಕಿ ದೇವರಿಗೆ ಹೋಯಿತು. ಸಂಜೆ ಭಜನೆ. ಅಜ್ಜ ತಂಬೂರಿ ಮೀಟುತ್ತ ಕನಕದಾಸರ ಪದ ಹಾಡಿದರು, ಕಾಗಿನೆಲೆ ಆದಿಕೇಶವನ ಅಂಕಿತ ಬಂದಾಗಲೆಲ್ಲ ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಹಿತ್ತಲಲ್ಲಿ ಆಕಳು ಮೆಲುಕು ಹಾಕುತ್ತಿತ್ತು.

ಬಾಡ ನಮ್ಮ ಪಕ್ಕದ ಶಿಗ್ಗಾವಿ ತಾಲೂಕಿನ ಊರು. ಅಲ್ಲಿ ಕುರುಬರ ನಾಯಕನ ಮನೆಯಲ್ಲಿ ಹುಟ್ಟಿದ ತಿಮ್ಮಪ್ಪನೇ ಮುಂದೆ ಕನಕದಾಸ. ಅವರು ‘ರಾಮಧಾನ್ಯಚರಿತೆ’ ಬರೆದರು. ಅಕ್ಕಿಗೂ ರಾಗಿಗೂ ಯಾರು ದೊಡ್ಡವರೆಂದು ವ್ಯಾಜ್ಯ ಬಿದ್ದು, ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಹೊರಬರುವಾಗ ಅಕ್ಕಿ ಕಂಗೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ತೀರ್ಪು ರಾಗಿಯ ಕಡೆ. ನಮ್ಮ ಸೀಮೆಯವರಾಗಿ ಜೋಳದ ವಕಾಲತ್ತು ವಹಿಸದೆ ರಾಗಿಯ ಪರ ನಿಂತರಲ್ಲ ಎಂದು ನನಗೆ ಸಣ್ಣ ತಕರಾರಿದೆ. ಅದಿರಲಿ, ಆ ಕೃತಿ ಓದಿದ್ದು ಕಾಲೇಜಿನಲ್ಲಿ. ಅಕ್ಕಿ ಆಡುವ ಮಾತುಗಳೆಲ್ಲ ಯಾಕೋ ನಮ್ಮ ಅಡುಗೆಮನೆಯಿಂದ ಬಂದ ಹಾಗೆ ಕೇಳಿಸಿದವು.

ಮಾಧ್ವರಲ್ಲಿ ತಾರತಮ್ಯ ಎಂಬುದು ಸಿದ್ಧಾಂತ. ಜೀವರೆಲ್ಲ ಒಂದೇ ಅಲ್ಲ, ಬ್ರಹ್ಮವಾಯುಗಳಿಂದ ಹುಲ್ಲುಕಡ್ಡಿಯವರೆಗೆ ಮೆಟ್ಟಿಲುಗಳಿವೆ. ಹೊರಗಿನವರು ಇದನ್ನು ಹಿಡಿದೇ ನಮ್ಮನ್ನು ಹಂಗಿಸುತ್ತಾರೆ, ಒಳಗಿನವರು ಇದನ್ನು ಹಿಡಿದೇ ಕಟ್ಟೆ ಮೇಲೆ ಒಬ್ಬರನ್ನು, ಒಳಗೆ ಒಬ್ಬರನ್ನು ಕೂರಿಸುತ್ತಾರೆ. ಇಬ್ಬರೂ ತಪ್ಪು ಎಂಬುದು ನನ್ನ ಎಣಿಕೆ. ಮೆಟ್ಟಿಲುಗಳಿವೆ ಎಂದು ಶಾಸ್ತ್ರ ಹೇಳಿತೇ ಹೊರತು, ಸವಣೂರಿನ ಯಾವ ಓಣಿಯವರು ಎಷ್ಟನೇ ಮೆಟ್ಟಿಲು ಎಂಬ ಪಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಎದುರಿಗಿದ್ದವನ ಮೆಟ್ಟಿಲು ಗೊತ್ತಿಲ್ಲದ ಮೇಲೆ ಬಾಗಿ ನಿಲ್ಲುವುದೇ ಜಾಣತನ. ತಮಾಷೆ ಏನೆಂದರೆ, ಹರಿದಾಸ ಪರಂಪರೆಯೇ ಕನಕದಾಸರನ್ನು ಯಮಧರ್ಮನ ಅಂಶ ಎನ್ನುತ್ತದೆ. ಆ ಲೆಕ್ಕ ಹಿಡಿದರೆ ಪಂಕ್ತಿಯಲ್ಲಿ ಅವರನ್ನು ಹೊರಗೆ ಕೂರಿಸಬೇಕೆಂದ ಆಚಾರ್ಯರುಗಳೆಲ್ಲ ಅವರಿಗಿಂತ ಬಹಳ ಕೆಳಗಿನ ಮೆಟ್ಟಿಲಿನವರು. ಉಡುಪಿಯ ಕಿಂಡಿಯ ಮುಂದೆ ಕ್ಯೂನಲ್ಲಿ ನಿಂತಾಗ ಇದನ್ನು ನೆನೆದು ಒಳಗೊಳಗೇ ನಕ್ಕಿದ್ದೇನೆ.

ಅಜ್ಜ ಆ ದಿನ ಜೋಳದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಜ್ಜಿಗೆ ಎದುರಾಡುವ ಧೈರ್ಯ ಅವರಿಗೆ ಯಾವತ್ತೂ ಇರಲಿಲ್ಲ. ರಾತ್ರಿ ಮಲಗುವಾಗ ಮಾತ್ರ ಕಥೆ ಹೇಳಿದರು, ಮಾನ್ವಿಯ ಕಡೆಯ ಶ್ರೀನಿವಾಸಾಚಾರ್ಯರದು. ದೊಡ್ಡ ಪಂಡಿತರು, ಸಂಸ್ಕೃತ ಬಿಟ್ಟು ಬಾಯಿ ತೆರೆಯದವರು. ವಿಜಯದಾಸರು ಊಟಕ್ಕೆ ಕರೆದರು. ಕನ್ನಡ ಪದ ಹಾಡಿಕೊಂಡು ತಿರುಗುವ ದಾಸರ ಪಂಕ್ತಿಗೆ ತಾನೇ ಎನಿಸಿ, ಹೊಟ್ಟೆನೋವು ಎಂದು ನೆಪ ಹೇಳಿದರು. ನೆಪದ ಹೊಟ್ಟೆನೋವು ನಿಜವಾಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ಅದೇ ದಾಸರ ಬಾಗಿಲಿಗೆ ಹೋಗಬೇಕಾಯಿತು. ಅವರು ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಮಂತ್ರಿಸಿ ಕೊಟ್ಟದ್ದು ಜೋಳದ ರೊಟ್ಟಿ.

“ಅದನ್ನ ತಿಂದರು, ಆರಾಮಾದರು. ಮುಂದ ಅವರ ಜಗನ್ನಾಥದಾಸರು ಆದರು. ಮಲಕೋ.”

ಆ ಜಗನ್ನಾಥದಾಸರೇ ‘ಹರಿಕಥಾಮೃತಸಾರ’ ಬರೆದರು, ಕನಕದಾಸರ ರಾಗಿಯ ಕಥೆಗಿದ್ದ ಅದೇ ಭಾಮಿನಿ ಷಟ್ಪದಿಯಲ್ಲಿ. ನೂರು ಕಥೆ ಬಲ್ಲ ಅಜ್ಜ ಆ ರಾತ್ರಿ ಜೋಳದ ರೊಟ್ಟಿಯದನ್ನೇ ಯಾಕೆ ಆರಿಸಿಕೊಂಡರು ಎಂಬುದು ಹೊಳೆಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಹೊಳೆಯುವ ಹೊತ್ತಿಗೆ ಅಜ್ಜ ಇರಲಿಲ್ಲ. ಮುದುಕಿಯೂ ಇರಲಿಲ್ಲ. ಮರುವರ್ಷದ ಶ್ರಾವಣದಲ್ಲಿ ನಾನು ಆ ಓಣಿ ತಪ್ಪಿಸಿ ಸುತ್ತುಹಾದಿ ಹಿಡಿದಿದ್ದೆ, ಅದರ ಮರುವರ್ಷವೂ. ಅವಳು ಮೊರದಲ್ಲಿ ಜೋಳ ತುಂಬಿಕೊಂಡು ಕಾದಿದ್ದಳೋ ಏನೋ. ಯಾವುದೋ ವಯಸ್ಸಿನಲ್ಲಿ ಇಂಥದ್ದು ನೆನಪಾದರೆ ನಿದ್ದೆ ಬರುವುದಿಲ್ಲ.

ಈಗ ನಾವು ಬೆಂಗಳೂರಿನಲ್ಲಿ, ಒಂಬತ್ತನೇ ಮಹಡಿಯಲ್ಲಿ. ತಂಬಿಗೆ ಮಗನ ಕೈಗೆ ಹೋಗಿದೆ. ಅವನು ಬರಿಮೈಗೆ ಒಪ್ಪುವುದಿಲ್ಲ, ಟೀ ಶರ್ಟಿನ ಮೇಲೆ ಶಲ್ಯ. ಹೋದ ಶ್ರಾವಣದಲ್ಲಿ ಅವನಿಗೆ ಪಟ್ಟಿ ಕೊಡಲಿಲ್ಲ, ಯಾವ ಬಾಗಿಲಾದರೂ ತಟ್ಟು ಎಂದೆ. ಲಿಫ್ಟಿನಲ್ಲಿ ನಾನೂ ಜೊತೆಗೆ ಇಳಿದೆ. ಕೆಲವರು ಬಾಗಿಲು ತೆರೆದು ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದರು, ವಿವರಿಸಿದ ಮೇಲೆ ಸಂಭ್ರಮದಿಂದಲೇ ಹಾಕಿದರು. ಒಬ್ಬರು ಫೋನಿನಲ್ಲಿ ಹಣ ಕಳಿಸಲೇ ಎಂದರು. ಮಗ ನಕ್ಕ, ಬೇಡ ಆಂಟಿ, ಅಕ್ಕಿನೇ ಬೇಕು ಅಂದ.

ಕೆಳಗೆ ಗೇಟಿನ ಹತ್ತಿರ ಬಂದಾಗ ವಾಚ್‌ಮನ್ ಕುರ್ಚಿಯಿಂದ ಎದ್ದರು. ವಿವರಿಸಬೇಕಾಗಿ ಬರಲಿಲ್ಲ. “ಗೋಪಾಳ ಏನ್ರೀ?” ಅಂದರು. ಹಾನಗಲ್ ತಾಲೂಕಿನವರು ಎಂದು ಅವತ್ತೇ ಗೊತ್ತಾದದ್ದು, ಮೂರು ವರ್ಷದಿಂದ ದಿನಾ ನನಗೆ ಗೇಟು ತೆಗೆಯುತ್ತಿದ್ದರು. ತಮ್ಮ ಕೋಣೆಗೆ ಹೋಗಿ ಎರಡು ಬೊಗಸೆ ರೇಷನ್ ಅಕ್ಕಿ ತಂದು ಹಾಕಿದರು. ಮಗ ಬಾಗಿದ. ನಾನೂ ಬಾಗಿದೆ, ಸೊಂಟ ಹಿಡಿದುಕೊಂಡು. ಅವರು ಮುಜುಗರದಿಂದ “ಇರಲಿ ಬಿಡ್ರೀ ಸಾಹೇಬ್ರ” ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಎಲ್ಲ ಅಕ್ಕಿಯನ್ನೂ ಒಂದೇ ಕುಕ್ಕರಿಗೆ ಹಾಕಿ ನೈವೇದ್ಯ ಮಾಡಿದೆವು. ಅನ್ನದ ಹದ ಕೆಟ್ಟಿತ್ತು. ಸೋನಾ ಮಸೂರಿ ಮುದ್ದೆಯಾಗಿತ್ತು, ರೇಷನ್ನಿನ ದಪ್ಪಕ್ಕಿ ನಡುವೆ ಇನ್ನೂ ಗಟ್ಟಿಯಿತ್ತು. ಮುಂದಿನ ಸಲ ಅಕ್ಕಿಯನ್ನು ಅರ್ಧ ಗಂಟೆ ನೆನೆಹಾಕಿಯೇ ಒಲೆಗಿಡಬೇಕು ಎಂದು ಹೆಂಡತಿ ಹೇಳಿದ್ದಾಳೆ.