ಹೆಜ್ಜೆಯೆಂಬ ವ್ರತ

ಸಂಕಲ್ಪವನ್ನು ಮಾಡುವುದು ಸುಲಭ. ಅದನ್ನು ಸಾಕಿ ಬೆಳೆಸುವುದು ಕಷ್ಟ. ಯುಗಾದಿಯ ಬೇವು ಬೆಲ್ಲದೊಡನೆ ಕೈಗೊಂಡ ನಿಯಮವು ಕಾರಹುಣ್ಣಿಮೆಯ ಹೊತ್ತಿಗೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಆರೋಗ್ಯದ ವಿಷಯದಲ್ಲಂತೂ ಇದು ಮನೆಮನೆಯ ಅನುಭವ. ನಡೆಯಬೇಕು, ಮಿತವಾಗಿ ಉಣ್ಣಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು ಎಂಬುದನ್ನು ತಿಳಿಯದವರು ಯಾರೂ ಇಲ್ಲ. ತಿಳಿವು ಇದ್ದೂ ನಡೆ ಇಲ್ಲದಿರುವುದೇ ತೊಡಕು. ಆದುದರಿಂದ ಆರೋಗ್ಯದ ಪ್ರಶ್ನೆ ಅರ್ಧ ವೈದ್ಯಶಾಸ್ತ್ರಕ್ಕೆ ಸೇರಿದ್ದಾದರೆ ಇನ್ನರ್ಧ ಮನಸ್ಸಿಗೆ ಸೇರಿದ್ದು.

ಶರೀರವೆಂಬ ಶಬ್ದವನ್ನು ಶಾಬ್ದಿಕರು 'ಶೀರ್ಣವಾಗತಕ್ಕದ್ದು', ಅಂದರೆ ಸವೆದು ಹೋಗತಕ್ಕದ್ದು, ಎಂದು ಬಿಡಿಸುತ್ತಾರೆ. ದೇಹವೆಂಬ ಶಬ್ದಕ್ಕಾದರೋ 'ವೃದ್ಧಿಹೊಂದತಕ್ಕದ್ದು' ಎಂಬ ಅರ್ಥವನ್ನು ಹೇಳುತ್ತಾರೆ. ಒಂದೇ ವಸ್ತುವಿಗೆ ಸವೆತವನ್ನೂ ಬೆಳವಣಿಗೆಯನ್ನೂ ಸೂಚಿಸುವ ಎರಡು ಹೆಸರುಗಳು! ಯಾವ ಹೆಸರು ಸಾರ್ಥಕವಾಗಬೇಕೆಂಬುದು ಬಹುಮಟ್ಟಿಗೆ ಅದರಲ್ಲಿ ವಾಸಿಸುವವನ ನಡತೆಯನ್ನು ಅವಲಂಬಿಸಿದೆ. ಕಾಳಿದಾಸನ 'ಕುಮಾರಸಂಭವ'ದ ಐದನೆಯ ಸರ್ಗದಲ್ಲಿ ಉಗ್ರತಪಸ್ಸಿನಲ್ಲಿದ್ದ ಪಾರ್ವತಿಯ ಬಳಿಗೆ ಬ್ರಹ್ಮಚಾರಿಯ ವೇಷದಿಂದ ಬಂದ ಶಿವನು, ತನ್ನ ಶಕ್ತಿಯ ಅಳತೆಯನ್ನರಿತು ತಪಸ್ಸು ಮಾಡುತ್ತಿರುವೆಯಷ್ಟೆ ಎಂದು ವಿಚಾರಿಸಿ, ಧರ್ಮದ ಸಾಧನಗಳಲ್ಲಿ ಶರೀರವೇ ಮೊದಲನೆಯದೆಂದು ನೆನಪು ಮಾಡಿಕೊಡುತ್ತಾನೆ. ಬಸವಾದಿ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದೇಹವನ್ನೇ ದೇಗುಲವೆಂದು ಕಂಡರು. ದೇಗುಲದ ಅಂಗಳವನ್ನು ಉತ್ಸಾಹ ಬಂದ ದಿನ ಮಾತ್ರ ಗುಡಿಸುವ ವಾಡಿಕೆ ಎಲ್ಲಿಯೂ ಇಲ್ಲ.

ಈ ಮಾತಿನ ಮರ್ಮವು ಚಳ್ಳಕೆರೆಯ ಹಿರಿಯ ಉಪಾಧ್ಯಾಯರೊಬ್ಬರಿಗೆ ಹೊಳೆದದ್ದು ನಿವೃತ್ತಿಯ ಬಳಿಕ. ಅದೂ ಕಾಲಿನ ಒಂದು ಬೆರಳನ್ನು ಕಳೆದುಕೊಳ್ಳುವ ಅಂಚಿನವರೆಗೆ ಹೋಗಿ ಬಂದ ಮೇಲೆ.

ಚಳ್ಳಕೆರೆ ಮೊಳಕಾಲ್ಮೂರುಗಳದು ಮಳೆ ಕಡಮೆಯ ಬಯಲುಸೀಮೆ. ಶೇಂಗಾ ಹೊಲ, ಎಣ್ಣೆಯ ಗಿರಣಿ, ಕುರಿಯ ಹಿಂಡು, ಕಂಬಳಿಯ ಮಗ್ಗ, ಅತ್ತ ಮೊಳಕಾಲ್ಮೂರಿನ ರೇಷ್ಮೆ ಸೀರೆ, ಇವು ಈ ನೆಲದ ಜೀವನಾಧಾರಗಳು. ಹಿಂದಿನವರಿಗೆ ವ್ಯಾಯಾಮವೆಂಬ ಪ್ರತ್ಯೇಕ ಕಾರ್ಯವೇ ಬೇಕಿರಲಿಲ್ಲ. ಹೊಲಕ್ಕೆ ನಡೆದು, ಕುರಿಯ ಹಿಂದೆ ಅಲೆದು, ದೂರದ ಬಾವಿಯಿಂದ ನೀರು ಹೊತ್ತು ದಿನ ಮುಗಿಯುತ್ತಿತ್ತು. ರಾಗಿ, ನವಣೆ, ಸಾಮೆ, ಸಜ್ಜೆಗಳೇ ಊಟ. ಇಂದು ಸಂತೆಗೆ ಹೋಗಲೂ ಮೋಟಾರು ಸೈಕಲ್ಲು ಬಂದಿದೆ. ಮೂರು ಹೊತ್ತೂ ಅಕ್ಕಿಯ ಅನ್ನ ಬಂದಿದೆ. ಅವುಗಳ ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಈ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ವ್ಯಾಧಿಯಿದೆಯೆಂದು ಅಂದಾಜು ಮಾಡಿತು. ಅದೇ 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ್ದು ಕಾಕತಾಳೀಯವಾದರೂ ಅರ್ಥಪೂರ್ಣ.

ಮೇಲೆ ಹೇಳಿದ ಉಪಾಧ್ಯಾಯರು ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಪಾಠ ಹೇಳಿದವರು. ಸೇವೆಯಲ್ಲಿದ್ದಷ್ಟು ಕಾಲ ಸೈಕಲ್ಲು ತುಳಿದರು. ನಿವೃತ್ತರಾದ ಮೇಲೆ ಜಗುಲಿ, ದಿನಪತ್ರಿಕೆ, ಮಧ್ಯಾಹ್ನದ ನಿದ್ದೆ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಎಂಬ ಕ್ರಮ ಹತ್ತಿತು. ಕೆಲವು ವರ್ಷಗಳಲ್ಲಿ ರಕ್ತದಲ್ಲಿ ಸಕ್ಕರೆ ಕಂಡಿತು. ವೈದ್ಯರು ಗುಳಿಗೆ ಬರೆದರು; ಅನ್ನ ಕಡಮೆ ಮಾಡಿ ದಿನಕ್ಕೆ ಅರ್ಧ ಗಂಟೆ ನಡೆಯಿರೆಂದರು.

ಅವರು ನಡೆಯಲು ತೊಡಗಿದ್ದು ಒಮ್ಮೆಯಲ್ಲ, ಮೂರು ಬಾರಿ. ಮೊದಲ ಬಾರಿ ಹೊಸ ಬೂಟು ಕೊಂಡು ಮೊದಲನೆಯ ದಿನವೇ ಐದು ಕಿಲೋಮೀಟರು ನಡೆದರು; ಹತ್ತನೆಯ ದಿನ ಮಂಡಿನೋವಿನಿಂದ ನಿಂತಿತು. ಎರಡನೆಯ ಬಾರಿ ಅಪರೂಪಕ್ಕೆ ಹಿಡಿದ ಸೋನೆ ಮಳೆ ಅಡ್ಡಬಂತು. ಮೂರನೆಯ ಬಾರಿ ನೆಂಟರ ಮನೆಯ ಮದುವೆ. ಪ್ರತಿ ಸಲವೂ ನಿಂತದ್ದು ಕಾಲಾದರೂ ನೊಂದದ್ದು ಮನಸ್ಸು. 'ಮಕ್ಕಳಿಗೆ ಶಿಸ್ತು ಕಲಿಸಿದವನಿಗೆ ತನ್ನ ಕಾಲನ್ನು ಆಳುವ ಶಿಸ್ತಿಲ್ಲ' ಎಂಬ ನಾಚಿಕೆ ಅವರನ್ನು ಮತ್ತೆ ಜಗುಲಿಯ ಮೇಲೆಯೇ ಕೂರಿಸಿತು.

ಕೊನೆಗೆ ಅವರು ತಮ್ಮ ಕೈಲಾಗದ್ದನ್ನು ದೇವರಿಗೆ ಒಪ್ಪಿಸಿದರು. ಆದರೆ ಒಪ್ಪಿಸಿದ ರೀತಿಯಲ್ಲಿ ದೋಷವಿತ್ತು. ಚಳ್ಳಕೆರೆಯಿಂದ ಇಪ್ಪತ್ತು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿರುವ ನಾಯಕನಹಟ್ಟಿಯಲ್ಲಿ ಫಾಲ್ಗುಣ ಮಾಸದಲ್ಲಿ ಶ್ರೀ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ ನಡೆಯುತ್ತದೆ. ಬೆಂಕಿಗೆ ಕೊಬ್ಬರಿ ಅರ್ಪಿಸುವ ಆ ಜಾತ್ರೆಗೆ ಹರಕೆ ಹೊತ್ತು ಕಾಲ್ನಡೆಯಿಂದ ಹೋಗುವ ಭಕ್ತರು ಅನೇಕರು. ಬರಿಗಾಲಿನಲ್ಲಿ ನಡೆದು ಬರುತ್ತೇನೆ, ಕಾಯಿಲೆ ವಾಸಿಯಾಗಲಿ ಎಂದು ಉಪಾಧ್ಯಾಯರು ಹರಕೆ ಹೊತ್ತರು. ಸ್ವಾಮಿಯೇ ನೋಡಿಕೊಳ್ಳುವನೆಂದು ಗುಳಿಗೆಯನ್ನೂ ಬಿಟ್ಟರು. ತಿಂಗಳುಗಟ್ಟಲೆ ನಡೆಯದ ಕಾಲು ಕಾದ ಟಾರು ರಸ್ತೆಯನ್ನು ಒಂದೇ ದಿನದಲ್ಲಿ ತುಳಿಯಿತು. ದರ್ಶನವಾಯಿತು, ಧನ್ಯತೆಯೂ ಆಯಿತು.

ಮನೆಗೆ ಬಂದ ಮರುದಿನ ಅವರ ಮಡದಿ ಚಾಪೆ ಸುತ್ತಿಡುವಾಗ ಕಲೆಯನ್ನು ಕಂಡರು. "ಏನೂಂದ್ರೆ, ಚಾಪೆ ಮೇಲೆ ರಕ್ತ ಇದೆಯಲ್ಲ, ಕಾಲು ನೋಡಿಕೊಂಡ್ರಾ?" ಎಂದರು. ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆ ಒಡೆದು ಹುಣ್ಣಾಗಿತ್ತು, ನೋವೇ ತಿಳಿದಿರಲಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯು ಪಾದದ ಸ್ಪರ್ಶಜ್ಞಾನವನ್ನು ಕುಂದಿಸುತ್ತದೆ. ಗಾಯವಾದರೂ ಅರಿವಾಗುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ವೈದ್ಯರು ಬೆರಳು ಉಳಿಯುವ ಭರವಸೆಯನ್ನು ಕೂಡಲೇ ಕೊಡಲಿಲ್ಲ. ಕಟ್ಟು ಕಟ್ಟುತ್ತ ಒಂದೇ ಮಾತು ಆಡಿದರು: "ಮೇಷ್ಟ್ರೇ, ದೇವರು ಕಾಲು ಕೊಟ್ಟಿರೋದು ವರ್ಷಕ್ಕೊಂದು ದಿನ ನಡೆಯೋದಕ್ಕಲ್ಲ."

ಮೂರು ತಿಂಗಳು ಮಂಚವೇ ಗತಿಯಾಯಿತು. ಆಗ ಅವರ ನೆನಪಿಗೆ ಬಂದದ್ದು ತಿಪ್ಪೇರುದ್ರಸ್ವಾಮಿಯ ಹೆಸರಿನೊಡನೆ ಎಲ್ಲರ ಬಾಯಲ್ಲಿರುವ ಮಾತು: 'ಮಾಡಿದಷ್ಟು ನೀಡು ಭಿಕ್ಷೆ.' ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದ ಆ ಮಹಾತ್ಮನು ದುಡಿದವನಿಗೆ ದುಡಿದಷ್ಟು ಕೂಲಿಯೆಂದು ನಡೆಸಿಕೊಟ್ಟನೆಂಬುದು ಜನರ ನಂಬಿಕೆ. ಉಪಾಧ್ಯಾಯರು ಒಂದು ದಿನ ದುಡಿದು ವರ್ಷದ ಕೂಲಿಯನ್ನು ಬೇಡಿದ್ದರು. ಶ್ರದ್ಧೆಯೆಂಬ ಶಬ್ದದಲ್ಲಿ 'ಶ್ರತ್' ಎಂದರೆ ಸತ್ಯ, 'ಧಾ' ಎಂದರೆ ಇರಿಸುವುದು. ಸತ್ಯದ ಮೇಲೆ ಮನಸ್ಸನ್ನು ಇರಿಸುವುದೇ ಶ್ರದ್ಧೆ. ತನ್ನ ಶರೀರದ ಸತ್ಯಸ್ಥಿತಿಯನ್ನು ನೋಡಲೊಲ್ಲದೆ ಗುಳಿಗೆ ಬಿಟ್ಟದ್ದು ಶ್ರದ್ಧೆಯಲ್ಲ, ದೇವರೊಡನೆ ಹೂಡಿದ ಪಣ.

ಅದೇ ದಿನಗಳಲ್ಲಿ ಮೊಳಕಾಲ್ಮೂರಿನಿಂದ ಅವರ ಹಳೆಯ ಶಿಷ್ಯನೊಬ್ಬ, ರೇಷ್ಮೆ ಸೀರೆ ನೇಯುವವನು, ಗುರುಗಳನ್ನು ನೋಡಲು ಬಂದ. ಉಪಾಧ್ಯಾಯರು ತಮ್ಮ ಮೂರು ಸೋಲುಗಳನ್ನು ಅವನಲ್ಲಿ ಹೇಳಿಕೊಂಡರು. ಅವನು ನಕ್ಕು, "ಎಳೆ ಕಡಿದ್ರೆ ಸೀರೆ ಬಿಟ್ಟು ಏಳ್ತೀವಾ ಗುರುಗಳೇ? ಗಂಟು ಹಾಕ್ಕೊಂಡು ಮುಂದಕ್ಕೆ ನೇಯ್ತೀವಿ" ಎಂದ. ಮಗ್ಗದ ಮುಂದೆ ಕುಳಿತವನಿಗೆ ಎಳೆ ಕಡಿಯುವುದು ಅವಮಾನವಲ್ಲ, ನಿತ್ಯದ ವ್ಯವಹಾರ. ಕಡಿದದ್ದನ್ನು ಕೂಡಿಸುವ ಕೈಯೇ ಕಸಬಿನ ಕೈ. ನಿಯಮ ತಪ್ಪಿದ ದಿನ ನಿಯಮವೇ ಸತ್ತಿತೆಂದು ತಿಳಿಯುವವನು ನೇಕಾರನಿಂದ ಕಲಿಯಬೇಕಾದ ಪಾಠವಿದು.

ಶಿಷ್ಯನು ಹೋದ ಮೇಲೆ ಅವರಿಗೆ ಇನ್ನೊಂದು ಪಾಠ ನೆನಪಾಯಿತು. ಅದನ್ನು ಅವರೇ ಎಷ್ಟೋ ವರ್ಷ ಹೇಳಿಕೊಟ್ಟಿದ್ದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಉಪಾಧ್ಯಾಯರು ಆ ಬಂಡೆಯ ಮುಂದೆ ನಿಂತು ಅರ್ಥ ಹೇಳುತ್ತಿದ್ದರು. ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿದ ಆ ಶಾಸನದಲ್ಲಿ ಚಕ್ರವರ್ತಿಯು ತನ್ನ ದಿಗ್ವಿಜಯವನ್ನು ಕೊಚ್ಚಿಕೊಂಡಿಲ್ಲ. ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮಿಗಿಲಾದರೂ ಒಂದು ವರ್ಷಕಾಲ ತಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಸಂಘದ ಸಾನ್ನಿಧ್ಯಕ್ಕೆ ಬಂದ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಪ್ರಯತ್ನಿಸಿದನಂತೆ. ಈ ಫಲವು ದೊಡ್ಡವರಿಗೆ ಮಾತ್ರವೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಲಭ್ಯವೆಂಬುದು ಅವನ ಸಂದೇಶ.

ಅಲ್ಲಿ ಪ್ರಯತ್ನವೆಂಬ ಅರ್ಥದಲ್ಲಿ ಬಂದಿರುವ ಪ್ರಾಕೃತ ಶಬ್ದ 'ಪಕಮ', ಸಂಸ್ಕೃತದ 'ಪ್ರಕ್ರಮ'. ಇದರ ಮೂಲವಾದ 'ಕ್ರಮ್' ಧಾತುವಿಗೆ ಹೆಜ್ಜೆಯಿಡುವುದು ಎಂಬುದೇ ಅರ್ಥ. ಪ್ರಯತ್ನವೆಂದರೆ ಮುಂದಕ್ಕೆ ಹೆಜ್ಜೆಯಿಡುವುದು! ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಬಂಡೆಯು ಧರ್ಮಸಾಧನೆಯ ಮಾತನ್ನಾಡುತ್ತಿದೆಯೇ ಹೊರತು ವ್ಯಾಯಾಮದ ಮಾತನ್ನಲ್ಲ. ಆದರೂ ಮನಸ್ಸಿನ ಸ್ವಭಾವ ಎರಡರಲ್ಲಿಯೂ ಒಂದೇ. ಚಕ್ರವರ್ತಿಯ ಉತ್ಸಾಹವೂ ಒಂದು ವರ್ಷ ಮಂದವಾಗಿತ್ತು. ಅವನನ್ನು ಮೇಲೆತ್ತಿದ್ದು ಸತ್ಸಂಗ ಮತ್ತು ನಿರಂತರತೆ. ಅದನ್ನು ಕಲ್ಲಿನಲ್ಲಿ ಕೆತ್ತಿಸಲು ಅವನು ನಾಚಲಿಲ್ಲ.

ಗಾಯ ಮಾಯಿತು, ಬೆರಳು ಉಳಿಯಿತು. ನಾಲ್ಕನೆಯ ಆರಂಭಕ್ಕೆ ಉಪಾಧ್ಯಾಯರು ಹೊಸ ಸಂಕಲ್ಪವನ್ನೇನೂ ಮಾಡಲಿಲ್ಲ. ಹಳೆಯದೊಂದು ನಿಯಮಕ್ಕೆ ಅದನ್ನು ಕಟ್ಟಿದರು. ನಾಲ್ಕು ದಶಕಗಳಿಂದ ಅವರು ಇಷ್ಟಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಮದುವೆಯ ಮನೆಯಲ್ಲಿಯೂ, ಮಳೆಯಲ್ಲಿಯೂ, ಮಂಚ ಹಿಡಿದಾಗಲೂ ಅದು ನಡೆದಿತ್ತು. ಇಂದು ಪೂಜೆಗೆ ಉತ್ಸಾಹವಿದೆಯೇ ಎಂದು ಅವರು ಎಂದೂ ತಮ್ಮನ್ನು ಕೇಳಿಕೊಂಡಿರಲಿಲ್ಲ. ಅದು ಉತ್ಸಾಹದ ಮೇಲೆ ನಿಂತ ಕಾರ್ಯವಾಗಿರದೆ ಜೀವನದ ಅಂಗವೇ ಆಗಿತ್ತು. ನಡಿಗೆಯನ್ನೂ ಪೂಜೆಯ ಕೊನೆಯ ಉಪಚಾರವೆಂದು ಭಾವಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಹೊಸ್ತಿಲು ದಾಟತೊಡಗಿದರು. ಮೊದಲ ವಾರ ಹತ್ತೇ ನಿಮಿಷ. ತಿಂಗಳ ಕೊನೆಗೆ ಇಪ್ಪತ್ತು. ಮತ್ತೆ ಅರ್ಧ ಗಂಟೆ. ಕಿರಾಣಿ ಅಂಗಡಿಯವರೊಬ್ಬರು, ನಿವೃತ್ತ ಗುಮಾಸ್ತರೊಬ್ಬರು ಜೊತೆಯಾದರು. ಒಬ್ಬರು ತಡ ಮಾಡಿದರೆ ಉಳಿದವರು ಬಾಗಿಲಿಗೇ ಬಂದು, "ಯಾಕೆ ಮೇಷ್ಟ್ರೇ, ಇವತ್ತು ಇನ್ನೂ ಪೂಜೆ ಮುಗೀಲಿಲ್ವಾ?" ಎಂದು ಕೂಗುವರು. ಶರಣರು ಸಂಗಕ್ಕೆ ಕೊಟ್ಟ ಬೆಲೆ ಎಷ್ಟು ದೊಡ್ಡದೆಂಬುದು ಆ ಕೂಗಿನಲ್ಲಿ ವೇದ್ಯವಾಗುತ್ತದೆ.

ವೈದ್ಯವಿಜ್ಞಾನವು ಹೇಳುವುದೂ ಇದಕ್ಕೆ ದೂರವಾದುದಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಿತಶ್ರಮದ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಅದು ತುಂಬುತ್ತದೆ. ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಆಹಾರ ವ್ಯಾಯಾಮಗಳ ಕ್ರಮವನ್ನು ಅನುಸರಿಸಿದಾಗ ಮೂರು ವರ್ಷಗಳ ಅವಧಿಯಲ್ಲಿ ಕಾಯಿಲೆಗೆ ಬೀಳುವ ಸಂಭವವು ಶೇಕಡ 28ರಷ್ಟು ತಗ್ಗಿತೆಂದು ಕಂಡುಬಂತು. ಹೊಸ್ತಿಲು ದಾಟಿದವರಿಗೆ ನಡಿಗೆಯೂ ಬೇಕು, ವೈದ್ಯರು ಕೊಟ್ಟ ಔಷಧಿಯೂ ಬೇಕು.

ನಿಯಮದ ಬಲಕ್ಕೆ ಕನ್ನಡನಾಡಿನಲ್ಲಿ ದೊಡ್ಡ ನಿದರ್ಶನವೆಂದರೆ ತುಮಕೂರಿನ ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಸ್ವಾಮಿಗಳು. 1907ರಲ್ಲಿ ಜನಿಸಿ 2019ರ ಜನವರಿ 21ರಂದು ಶಿವೈಕ್ಯರಾದ ಪೂಜ್ಯರ ದಿನಚರಿಯಲ್ಲಿ ನಸುಕಿನ ಪೂಜೆ, ಮಿತಾಹಾರ, ಬಿಡುವಿಲ್ಲದ ದಾಸೋಹಗಳು ಒಂದರೊಡನೊಂದು ಹೆಣೆದುಕೊಂಡಿದ್ದವು. ಜನರು ಅವರನ್ನು ಕರೆದದ್ದು 'ನಡೆದಾಡುವ ದೇವರು' ಎಂದು. ನಿಯಮವಂತರೆಲ್ಲರೂ ಶತಾಯುಷಿಗಳಾಗುವರೆಂದು ಇದರ ಅರ್ಥವಲ್ಲ. ಆಯುಷ್ಯವು ಮನುಷ್ಯನ ಕೈಯಲ್ಲಿಲ್ಲ. ಇರುವಷ್ಟು ದಿನ ಕಾಯವು ಕಾಯಕಕ್ಕೆ ಒದಗುವಂತೆ ಇರಿಸಿಕೊಳ್ಳುವುದು ಮಾತ್ರ ಕೈಯಲ್ಲಿದೆ.

ಎರಡು ವರ್ಷಗಳ ಬಳಿಕ ಫಾಲ್ಗುಣದಲ್ಲಿ ಉಪಾಧ್ಯಾಯರು ಮತ್ತೆ ನಾಯಕನಹಟ್ಟಿಗೆ ನಡೆದರು. ಈ ಸಲ ವೈದ್ಯರ ಒಪ್ಪಿಗೆಯಿತ್ತು. ಕಾಲಿಗೆ ಮೆತ್ತನೆಯ ಬೂಟು, ಜೇಬಿನಲ್ಲಿ ಗುಳಿಗೆ, ಜೊತೆಗೆ ಇಬ್ಬರು ಗೆಳೆಯರು. ನಡುವೆ ಎರಡು ಕಡೆ ತಂಗಿ, ಪಾದಗಳನ್ನು ಬಿಚ್ಚಿ ನೋಡಿಕೊಂಡು ಮುಂದುವರಿದರು. ಬೂಟು ಕಳಚಿದ್ದು ದೇವಾಲಯದ ಬಾಗಿಲಿನಲ್ಲಿ ಮಾತ್ರ. ಕಾಯಿಲೆ ವಾಸಿಯಾಗಲಿ ಎಂದು ಅವರು ಈ ಬಾರಿ ಬೇಡಲಿಲ್ಲ. ನಾಳೆಯ ನಡಿಗೆ ತಪ್ಪದಿರಲಿ ಎಂದಷ್ಟೇ ಬೇಡಿದರು. ಸಕ್ಕರೆ ಇಂದಿಗೂ ಅವರನ್ನು ಬಿಟ್ಟು ಹೋಗಿಲ್ಲ, ಹತೋಟಿಯಲ್ಲಿದೆ. ಪ್ರತಿ ರಾತ್ರಿ ಅವರ ಮಡದಿ ಕನ್ನಡಿ ಹಿಡಿಯುತ್ತಾರೆ. ಅವರು ಅಂಗಾಲನ್ನು ನೋಡಿಕೊಳ್ಳುತ್ತಾರೆ. ನಡುವೆ ಕೆಲವು ದಿನ ನಡಿಗೆ ತಪ್ಪಿದ್ದೂ ಉಂಟು. ಗಂಟು ಹಾಕಿಕೊಂಡು ಮುಂದುವರಿದದ್ದೂ ಉಂಟು.

ವಿದ್ಯಾಸಂಸ್ಥೆಗಳಿಗೆ ದಾನಿಗಳು ಕೊಠಡಿ ಕಟ್ಟಿಸಿಕೊಡುತ್ತಾರೆ, ಅನ್ನದಾಸೋಹಕ್ಕೆ ನೆರವಾಗುತ್ತಾರೆ, ಅವು ಪುಣ್ಯಕಾರ್ಯಗಳು. ಆಟದ ಬಯಲೂ ಅದೇ ಪುಣ್ಯಕ್ಕೆ ಸೇರಿದ್ದು. ಆದರೆ ಮಕ್ಕಳು ಬಯಲಿಗಿಂತ ಹೆಚ್ಚಾಗಿ ನೋಡುವುದು ಗುರುವಿನ ನಡೆಯನ್ನು. ಆರೋಗ್ಯದ ಪಾಠವನ್ನು ಹಲಗೆಯ ಮೇಲೆ ಬರೆಯುವ ಉಪಾಧ್ಯಾಯರೂ, ಅದನ್ನು ಕಲಿತು ಹೊರಗೆ ಹೋದ ಹಳೆಯ ವಿದ್ಯಾರ್ಥಿಗಳೂ ನಾಳಿನ ಬೆಳಗಿನ ಪೂಜೆಯ ಬಳಿಕ ಹತ್ತು ನಿಮಿಷ ಹೊಸ್ತಿಲಿನಾಚೆ ನಡೆದರೆ ಸಾಕು. ಭಿಕ್ಷೆ ಮಾಡಿದಷ್ಟೇ, ಮಾಡಿದಷ್ಟಂತೂ ಖಂಡಿತ.