ಕಾಲಿಗೆ ಎಟುಕದ ಸೈಕಲ್

ಬೊರಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ಮೆಟ್ಟಿಲ ಕೆಳಗೆ ಒಂದು ಕತ್ತಲ ಮೂಲೆಯಿದೆ. ಅಲ್ಲಿ ಸದ್ಯಕ್ಕೆ 11 ಸೈಕಲ್‌ಗಳಿವೆ. ಟೈರಿನಲ್ಲಿ ಗಾಳಿ ಇರುವುದು ಎರಡಕ್ಕೆ ಮಾತ್ರ. ಉಳಿದವೆಲ್ಲ ಯಾವುದೋ ಹುಟ್ಟುಹಬ್ಬಕ್ಕೆ ಬಂದು, ನಾಲ್ಕು ತಿಂಗಳು ಓಡಿ, ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಮೂಲೆ ಸೇರಿದವು. ಅವುಗಳಲ್ಲಿ ನೀಲಿ ಬಣ್ಣದ ಒಂದು ನಮ್ಮದು. ಮೂರು ವರ್ಷದಿಂದ ಅಲ್ಲಿದೆ. ಸೈಕಲ್ಲಿನ ತಪ್ಪು ಏನೂ ಇಲ್ಲ.

2022ರ ಬೇಸಿಗೆ ರಜೆಯಲ್ಲಿ ಅದನ್ನು ಕೊಂಡೆವು. ಮಗಳಿಗೆ ಆಗ ಏಳೂವರೆ. ನಾನು ಸಾಫ್ಟ್‌ವೇರ್ ಕೆಲಸದವನು, ಪ್ರೆಶರ್ ಕುಕ್ಕರ್ ತರುವುದಕ್ಕೂ ಎಕ್ಸೆಲ್ ಶೀಟ್ ಮಾಡುವ ಪೈಕಿ. ಸೈಕಲ್ಲಿಗೂ ಮಾಡಿದ್ದೆ. ಬೆಲೆ, ಗೇರು, ಡಿಸ್ಕ್ ಬ್ರೇಕು, ಸಸ್ಪೆನ್ಶನ್, ವಾರಂಟಿ, ಎಲ್ಲಕ್ಕೂ ಒಂದೊಂದು ಕಾಲಂ. ಮಗಳ ಕಾಲಿಗೆ ಮಾತ್ರ ಕಾಲಂ ಇರಲಿಲ್ಲ. ಅಂಗಡಿಯವನು 20 ಇಂಚಿನದನ್ನೂ ತೋರಿಸಿದ, 24 ಇಂಚಿನದನ್ನೂ ತೋರಿಸಿದ. ಎರಡರ ಬೆಲೆಯಲ್ಲಿ ಅಂಥ ವ್ಯತ್ಯಾಸವೂ ಇರಲಿಲ್ಲ. ‘ಬೆಳೆಯೋ ಮಗು, ದೊಡ್ಡದೇ ಕೊಡಿ’ ಎಂದೆ.

ಈ ಮಾತು ನನ್ನದಲ್ಲ, ನನ್ನಪ್ಪನದು. ತಿಪಟೂರಿನಲ್ಲಿ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಟೈಲರ್ ಅಂಗಡಿಯಲ್ಲಿ ಅಪ್ಪ ಇದನ್ನೇ ಹೇಳುತ್ತಿದ್ದರು. ‘ಬೆಳೆಯೋ ಹುಡುಗ, ಎರಡಿಂಚು ಬಿಟ್ಟು ಹೊಲಿಯಪ್ಪ.’ ನನ್ನ ಯೂನಿಫಾರಂ ಪ್ಯಾಂಟಿನ ಅಂಚಿನಲ್ಲಿ ಒಳಕ್ಕೆ ಮಡಚಿ ಹೊಲಿದ ಬಟ್ಟೆ ಸದಾ ಇರುತ್ತಿತ್ತು. ಪ್ರತಿ ಜೂನ್‌ನಲ್ಲಿ ಒಂದು ಮಡಿಕೆ ಬಿಚ್ಚಿದರೆ ಹಳೆಯ ಗೆರೆ ಗಾಢ ನೀಲಿಯಾಗಿ ಕಾಣುತ್ತಿತ್ತು. ಪ್ಯಾಂಟಿಗೆ ಈ ಲೆಕ್ಕ ಸರಿ. ಪ್ಯಾಂಟು ದೊಡ್ಡದಾದರೆ ಯಾರೂ ಬೀಳುವುದಿಲ್ಲ.

ಮಗಳು ಬಿದ್ದಳು. ನಮ್ಮ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯುವ ಇಳಿಜಾರಿನ ಬಾಯಿಯಲ್ಲಿ ಒಂದು ಕಾರು ಹಿಂದಕ್ಕೆ ಬರುತ್ತಿತ್ತು. ಅವಳು ಬ್ರೇಕ್ ಹಿಡಿದಳು, ಸೈಕಲ್ ನಿಂತಿತು ಕೂಡ. ನಿಂತ ಮೇಲೆ ಕಾಲೂರಲು ನೆಲ ಸಿಗಲಿಲ್ಲ. ಎಡಕ್ಕೆ ವಾಲಿದಳು, ಸೈಕಲ್ ಮೈಮೇಲೆ ಬಿತ್ತು. ಮೊಣಕೈ ಸಿಪ್ಪೆ ಕಿತ್ತಿತ್ತು, ಅಷ್ಟೇ. ಮನೆಗೆ ಬಂದು ಡೆಟಾಲ್ ಹಚ್ಚುವಾಗ, ‘ಅಪ್ಪಾ, ಅದು ನನ್ನ ಮಾತು ಕೇಳಲ್ಲ’ ಎಂದಳು. ಮುಂದಿನ ಭಾನುವಾರ ಕರೆದರೆ ಹೋಂವರ್ಕ್ ಇದೆ ಎಂದಳು. ಅದರ ಮುಂದಿನ ಭಾನುವಾರ ಹೊಟ್ಟೆನೋವು. ಹೋಂವರ್ಕ್ ಇದೆ ಅಂತ ತಾನಾಗಿ ಹೇಳುವ ಮಗುವಿಗೆ ಏನೋ ಆಗಿದೆ ಎಂದು ನನಗೆ ಹೊಳೆಯಬೇಕಿತ್ತು. ‘ಅವಳಿಗೆ ಸೈಕಲ್ ಇಷ್ಟವಿಲ್ಲ, ಡ್ಯಾನ್ಸ್‌ಗೆ ಸೇರಿಸೋಣ’ ಎಂದು ಹೆಂಡತಿಗೆ ಹೇಳಿ ಕೈತೊಳೆದುಕೊಂಡೆ.

ಊರಿನಲ್ಲಿ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು. ‘ನೀನು ನನ್ನ ಅಟ್ಲಾಸಿನಲ್ಲಿ ಕಲಿಯಲಿಲ್ವೇನೋ?’ ನಿಜ, ಕಲಿತೆ. ನಮ್ಮ ವಯಸ್ಸಿನವರು ಬಹಳ ಮಂದಿ ಹಾಗೇ ಕಲಿತದ್ದು: ಮೊದಲು ಒಳಪೆಡಲ್, ಆಮೇಲೆ ಬಾರ್, ಕೊನೆಗೆ ಸೀಟು. ದೊಡ್ಡವರ ಕರಿ ಸೈಕಲ್ಲಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಸೊಂಟ ತಿರುಚಿಕೊಂಡು ಅರ್ಧರ್ಧ ಸುತ್ತು ತುಳಿಯುವುದು. ಈಗ ಯೋಚಿಸಿದರೆ ಒಳಪೆಡಲ್ ಹೊಡೆಯುವ ಹುಡುಗ ಸೀಟಿನ ಮೇಲೇ ಇರುವುದಿಲ್ಲ. ಅವನ ಭಾರ ಕೆಳಗೇ ಇರುತ್ತದೆ, ಬೀಳುತ್ತೇನೆ ಅನಿಸಿದರೆ ನೆಲ ಪಕ್ಕದಲ್ಲೇ ಇರುತ್ತದೆ. ನಮಗೆ ಗೊತ್ತಿಲ್ಲದೆ ನಾವು ದೊಡ್ಡ ಸೈಕಲ್ಲನ್ನು ಸಣ್ಣದು ಮಾಡಿಕೊಂಡಿದ್ದೆವು. ಕಲಿತದ್ದು ಹೈಸ್ಕೂಲ್ ಮೈದಾನದಲ್ಲಿ, ಎದುರಿಗೆ ಬಂದರೆ ಒಂದು ಹಸು. ಈಗಿನ ಮಕ್ಕಳ ಸೈಕಲ್ಲಿನಲ್ಲಿ ಕಾಲು ತೂರಿಸುವಷ್ಟು ತ್ರಿಕೋನವಿಲ್ಲ, ಬೊರಿವಲಿಯಲ್ಲಿ ಅಂಥ ಮೈದಾನವೂ ಇಲ್ಲ. (ಅಪ್ಪನ ಅಟ್ಲಾಸ್ ಈಗಲೂ ಕೊಟ್ಟಿಗೆಯಲ್ಲಿದೆ. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು.)

ಈ ಊರಿನಲ್ಲಿ ಮಗು ಸೈಕಲ್ ಹೊಡೆಯುವುದು ಎಲ್ಲಿ? ಪೊವಾಯಿ ಕೆರೆಯ ಸುತ್ತ ಸೈಕಲ್ ದಾರಿ ಮಾಡುತ್ತೇವೆಂದು ಪಾಲಿಕೆ ಹೊರಟಿತ್ತು. ಕೆರೆಯಂಚಿನ ಆ ಕಾಮಗಾರಿಯೇ ಅಕ್ರಮ, ಕಿತ್ತು ಮೊದಲಿನಂತೆ ಮಾಡಿ ಎಂದು ಬಾಂಬೆ ಹೈಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು. ಮೊಸಳೆಗಳಿರುವ ಕೆರೆ ಅದು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ, ಹಾಗೆಂದು ಮಗುವಿಗೆ ದಾರಿ ಸಿಕ್ಕಂತಾಗಲಿಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಸೈಕಲ್ ಪಟ್ಟಿಯಲ್ಲಿ ನಾನು ಆಫೀಸಿಗೆ ಹೋಗಿ ಬರುವಾಗ ಕಂಡದ್ದು ಹೆಚ್ಚಾಗಿ ನಿಲ್ಲಿಸಿದ ಕಾರುಗಳನ್ನೇ. 2022ರ ಮಾರ್ಚಿನಲ್ಲಿ ಮುಂಬೈ ಪೊಲೀಸರು ಭಾನುವಾರ ಬೆಳಗ್ಗೆ ಕೆಲವು ರಸ್ತೆಗಳಿಗೆ ವಾಹನ ಬಿಡದೆ ಮಕ್ಕಳಿಗೆ ಆಡಲು ಕೊಟ್ಟಾಗ ಸಂತೋಷವಾಗಿತ್ತು. ವಾರದ ಉಳಿದ ದಿನ ಸೊಸೈಟಿಯ ಕಾಂಪೌಂಡೇ ಗತಿ. ಅಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ ನಿಲ್ಲಬೇಕು: ಕಾರು, ಹಾಲಿನವನು, ವಾಕಿಂಗ್ ಮಾಡುವ ಆಂಟಿ, ಕ್ರಿಕೆಟ್ ಚೆಂಡು. ಹಳ್ಳಿಯ ಮಗುವಿಗೆ ಓಡುವ ಸೈಕಲ್ ಸಾಕು. ಮುಂಬೈ ಮಗುವಿಗೆ ಬೇಕಾದದ್ದು ನಿಲ್ಲುವ ಸೈಕಲ್. ನಾನು ಓಡುವುದನ್ನು ಕೊಂಡಿದ್ದೆ.

ಇದು ತಿಳಿದದ್ದು ಒಂದೂವರೆ ವರ್ಷದ ಮೇಲೆ, 2023ರ ಡಿಸೆಂಬರಿನಲ್ಲಿ. ಬೆಂಗಳೂರಿನಿಂದ ನನ್ನ ಅಕ್ಕನ ಮಕ್ಕಳು ಬಂದಿದ್ದರು. ಅವರನ್ನು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದೆ. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಬೊರಿವಲಿಯವರಿಗೆ ಅದು ಬರೀ ‘ನ್ಯಾಷನಲ್ ಪಾರ್ಕ್’, ಚಿರತೆಗಳಿರುವ ಸುಮಾರು 104 ಚದರ ಕಿಲೋಮೀಟರ್ ಕಾಡು ಎಂಬುದು ನೆಂಟರು ಬಂದಾಗಷ್ಟೇ ನೆನಪಾಗುತ್ತದೆ. ಮಕ್ಕಳಿಗೆ ವನರಾಣಿ ರೈಲು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. 2021ರ ತೌಕ್ತೆ ಚಂಡಮಾರುತದಲ್ಲಿ ಹಾಳಾದ ಆ ಪುಟ್ಟ ರೈಲು ಆಗಿನ್ನೂ ಓಡುತ್ತಿರಲಿಲ್ಲ. ಮುಖ ಸಣ್ಣ ಮಾಡಿಕೊಂಡ ಮಕ್ಕಳಿಗೆ ಬಾಡಿಗೆ ಸೈಕಲ್ ಕೊಡಿಸಿದೆ. ಮಗಳು ಬೇಡವೆಂದಳು. ನಾನು ಒತ್ತಾಯ ಮಾಡಲಿಲ್ಲ.

ಅಲ್ಲೊಂದು ಗೀಚು ಬಿದ್ದ, ಬಣ್ಣ ಹೋದ ಸಣ್ಣ ಸೈಕಲ್ ಇತ್ತು. ಉಳಿದವರು ಹೊರಟ ಮೇಲೆ ಅವಳು ಅದರ ಹತ್ತಿರ ಹೋಗಿ ಸುಮ್ಮನೆ ಕಾಲು ದಾಟಿಸಿ ನಿಂತಳು. ಕೂತಳು. ಕೂತೇ ಇದ್ದಳು, ಎರಡೂ ಚಪ್ಪಲಿ ನೆಲದ ಮೇಲೆ. ಆಮೇಲೆ ನನ್ನ ಕಡೆ ನೋಡದೆ ತುಳಿದುಕೊಂಡು ಹೊರಟೇಬಿಟ್ಟಳು. ಕಾನ್ಹೇರಿ ಗುಹೆಗಳತ್ತ ಹೋಗುವ ರಸ್ತೆ ಏರು ಶುರುವಾಗುವವರೆಗೆ ಚೆನ್ನಾಗಿದೆ, ಎರಡೂ ಬದಿ ಮರ. ನಾನು ಹಿಂದೆ ಓಡಿದೆ, ಸ್ವಲ್ಪ ದೂರಕ್ಕೇ ಉಸಿರು ಬಿಟ್ಟೆ. ದಾರಿಗೆ ಅಡ್ಡ ಬಂದ ಕೋತಿಗಳ ಎದುರು ಅವಳು ಬ್ರೇಕ್ ಹಿಡಿದು, ಒಂದು ಕಾಲೂರಿ, ಅವು ಹೋಗುವವರೆಗೂ ಆರಾಮಾಗಿ ನಿಂತಿದ್ದಳು. ಒಂದೂವರೆ ವರ್ಷ ನನ್ನ ಮಗಳಿಗೆ ಸೈಕಲ್ ಇಷ್ಟವಿಲ್ಲ ಎಂದುಕೊಂಡಿದ್ದೆನಲ್ಲ!

ಆ ರಾತ್ರಿ ಮಾಡಬೇಕಾದ ಅಳತೆಯನ್ನು ಮೊದಲ ಸಲ ಮಾಡಿದೆ. ನೀವೂ ಮಾಡಬಹುದು, ಐದು ನಿಮಿಷದ ಕೆಲಸ. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕಾಲುಗಳ ನಡುವೆ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಸೀಟಿನಂತೆ ಮೇಲಕ್ಕೆ ತಾಗಿಸಿ, ಪುಸ್ತಕದ ಮೇಲಂಚಿಗೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ನೆಲದಿಂದ ಗೆರೆಯವರೆಗಿನ ಎತ್ತರ ಕಾಲಿನ ಒಳ ಅಳತೆ. ಅವಳದು 59 ಸೆಂಟಿಮೀಟರ್. ಟೇಪ್ ಹಿಡಿದು ಮೆಟ್ಟಿಲ ಕೆಳಗೆ ಹೋದೆ. ನೀಲಿ ಸೈಕಲ್ಲಿನ ಸೀಟನ್ನು ಪೂರ್ತಿ ಇಳಿಸಿದರೂ ನೆಲದಿಂದ 65. ಕೊಂಡಾಗ ಅವಳ ಕಾಲು ಇನ್ನೂ ಗಿಡ್ಡ, 55ರ ಆಸುಪಾಸು ಇದ್ದಿರಬೇಕು. ಹತ್ತು ಸೆಂಟಿಮೀಟರ್ ಗಾಳಿಯಲ್ಲಿ ನೇತಾಡುತ್ತಾ ಅವಳು ಕಾರಿನ ಎದುರು ಬ್ರೇಕ್ ಹಿಡಿದಿದ್ದಳು. ಬಚ್ಚಲ ಮನೆಯ ತೂಕದ ಯಂತ್ರದ ಮೇಲೆ ಸೈಕಲ್ ಎತ್ತಿಕೊಂಡು ನಿಂತು, ನನ್ನ ತೂಕ ಕಳೆದೆ: 15 ಕಿಲೋ. ಆಗ ಅವಳಿದ್ದದ್ದು 22 ಕಿಲೋ. ನನ್ನ ಅಳತೆಗೆ ಹೇಳುವುದಾದರೆ, ನಾನು ಸುಮಾರು 50 ಕಿಲೋ ಸೈಕಲ್ ಓಡಿಸಿದ ಹಾಗೆ. ಎಕ್ಸೆಲ್ ಶೀಟಿನಲ್ಲಿ ಹೆಮ್ಮೆಯಿಂದ ಬರೆದಿದ್ದ ಸಸ್ಪೆನ್ಶನ್ನು, ದಪ್ಪ ಟೈರು ಎಲ್ಲ ಸೇರಿ ಆದದ್ದು ಈ ಭಾರ. ಅಷ್ಟು ಹಗುರ ಮಗುವಿನ ಭಾರಕ್ಕೆ ಆ ಸ್ಪ್ರಿಂಗ್ ಕುಗ್ಗುತ್ತಲೂ ಇರಲಿಲ್ಲ.

24 ಇಂಚು, 20 ಇಂಚು ಎನ್ನುವುದು ಚಕ್ರದ ವ್ಯಾಸ, ಮಗುವಿಗೆ ಅದು ಅರ್ಧ ಸುದ್ದಿ ಮಾತ್ರ. ಒಂದೇ 20 ಇಂಚಿನ ಎರಡು ಸೈಕಲ್‌ಗಳ ಸೀಟು ಬೇರೆ ಬೇರೆ ಎತ್ತರಕ್ಕೆ ಇಳಿಯುತ್ತದೆ. ಡಬ್ಬದ ಮೇಲೆ ಬರೆದಿರುವ ‘7ರಿಂದ 10 ವರ್ಷ’ವನ್ನಂತೂ ನಂಬಲೇಬೇಡಿ, ಒಂದೇ ತರಗತಿಯ ಮಕ್ಕಳ ಎತ್ತರ ಒಂದೇ ಇರುತ್ತದೆಯೇ? ಸೀಟಿನ ಅತಿ ಕೆಳಗಿನ ಎತ್ತರ ಕೇಳಿ. ಕಲಿಯುವ ಮಗುವಿಗೆ ಅದು ಕಾಲಿನ ಅಳತೆಗಿಂತ ಹೆಚ್ಚಿರಬಾರದು, ಎರಡೂ ಪಾದ ಪೂರ್ತಿ ಊರಬೇಕು. ಕಲಿತ ಮೇಲೆ ಸೀಟು ಏರಿಸುತ್ತಾ ಹೋಗಬಹುದು. ಬ್ರೇಕಿನ ಹಿಡಿಯನ್ನು ಮಗು ತನ್ನ ಬೆರಳಿನಿಂದ ಎಳೆದು ತೋರಿಸಬೇಕು. ನಮ್ಮ ಬೆರಳಿಗೆ ಸಡಿಲವಿರುವುದು ಅದಕ್ಕೆ ಕಲ್ಲು.

ಹೊಸದು ಬೇಕೆಂದು ಮುಂದಿನ ಶನಿವಾರ ಇಬ್ಬರೂ ಲೋಕಲ್ ಹತ್ತಿ ಮರೀನ್ ಲೈನ್ಸಿನಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆದೆವು. ಸೈಕಲ್ ಅಂಗಡಿ ಅಲ್ಲಿ ಬೇಕಾದಷ್ಟು. ಹೋದಲ್ಲೆಲ್ಲ ‘ಉಮರ್ ಕಿತನಾ?’ ಎಂದೇ ಕೇಳಿದರು. ‘ಬಡಾ ಲೇಲೋ ಸಾಬ್, ತೀನ್ ಸಾಲ್ ಚಲೇಗಾ’ ಎಂದರು. ನನ್ನ ಅಪ್ಪ ಹಿಂದಿಯಲ್ಲಿ ಮಾತಾಡಿದಂತಾಯಿತು. ಟೇಪ್ ತೆಗೆದಾಗ ಒಬ್ಬ ನಕ್ಕ. ಬರಿಗೈಯಲ್ಲಿ ಚರ್ಚ್‌ಗೇಟಿಗೆ ಹೋದೆವು. ಸ್ಟೇಷನ್ನಿನ ಹೊರಗೆ ಡಬ್ಬಾವಾಲರು ಹ್ಯಾಂಡಲ್ಲಿಗೂ ಕ್ಯಾರಿಯರಿಗೂ ಡಬ್ಬಿ ಚೀಲ ನೇತುಹಾಕಿಕೊಂಡು ಹೊರಡುವ ಹೊತ್ತು. ಅವರದು ಈಗಲೂ ಅದೇ ಕರಿ ಸೈಕಲ್, ಅಪ್ಪನ ಅಟ್ಲಾಸಿನ ದಾಯಾದಿ. ಮಗಳಿಗೆ ತ್ರಿಕೋನ ತೋರಿಸಿ ಒಳಪೆಡಲ್ ವಿವರಿಸಿದೆ. ‘ಅಷ್ಟು ಕಷ್ಟ ಯಾಕೆ, ತಾತ ಸಣ್ಣದು ಕೊಡಿಸಬಹುದಿತ್ತಲ್ವಾ?’ ಎಂದು ಕೇಳಿದಳು. ತಾತನಿಗೆ ಒಂದೇ ಸೈಕಲ್ ಕೊಳ್ಳಲು ಸಾಲ ಮಾಡಬೇಕಾಗಿತ್ತು ಎಂದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಸೈಕಲ್ ಕೊನೆಗೆ ಸಿಕ್ಕಿದ್ದು ನಮ್ಮ ಮೆಟ್ಟಿಲ ಕೆಳಗೇ. ಬಿ ವಿಂಗಿನ ಗುಜರಾತಿ ಕುಟುಂಬದ ಹುಡುಗನಿಗೆ ಸಣ್ಣದಾಗಿ ಮೂಲೆ ಸೇರಿದ್ದ 20 ಇಂಚಿನದು. ಗೇರಿಲ್ಲ, ಸ್ಪ್ರಿಂಗಿಲ್ಲ, 10 ಕಿಲೋ. ಸೀಟು 57ಕ್ಕೆ ಇಳಿಯುತ್ತಿತ್ತು. 2,000 ರೂಪಾಯಿ ಕೊಟ್ಟೆ, ಫ್ಲೈಓವರ್ ಕೆಳಗಿನ ರಿಪೇರಿಯವರು ಚೈನು, ಕೇಬಲ್, ಬ್ರೇಕ್ ಕಟ್ಟೆ ಹೊಸದು ಹಾಕಿ 700 ತೆಗೆದುಕೊಂಡರು. ಜೌನ್‌ಪುರದ ಹಿರಿಯರು ಅವರು. ಸೀಟು ಎಷ್ಟಕ್ಕೆ ಇಡಲಿ ಎಂದು ನನ್ನನ್ನು ಕೇಳಲೇ ಇಲ್ಲ. ‘ಬೇಟಿ, ಇಧರ್ ಖಡೀ ಹೋ ಜಾ’ ಎಂದು ಅವಳನ್ನೇ ಪಕ್ಕದಲ್ಲಿ ನಿಲ್ಲಿಸಿ, ಸೊಂಟ ನೋಡಿ, ಕೈಯಿಂದಲೇ ಅಳೆದು ಬಿಗಿದರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೈನಿಗೆ ಎಣ್ಣೆ ಬಿಡದಿದ್ದರೆ ಸಮುದ್ರದ ಗಾಳಿ ತಿಂದುಬಿಡುತ್ತದೆ ಎಂದು ನನಗೆ ಮಾತ್ರ ಗದರಿದರು.

ಅದೇ ಮೂಲೆಯ ಇನ್ನೊಂದು, 14 ಇಂಚಿನದು, ಮಗನಿಗೆ ಬಂತು. ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿಸಿದೆ, ಪೆಡಲ್‌ಗಳನ್ನೂ ಬಿಚ್ಚಿಸಿದೆ. ಹೆಂಡತಿಗೆ ನನ್ನ ತಲೆ ಕೆಟ್ಟಿದೆ ಅನಿಸಿತು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಚಕ್ರದ ಮೊದಲ ಗಾಡಿಗೂ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ತಳ್ಳಿಕೊಂಡೇ ಹೋಗುತ್ತಿದ್ದರು. ಪಕ್ಕದ ಚಕ್ರವಿದ್ದರೆ ಮಗು ತುಳಿಯುವುದನ್ನು ಕಲಿಯುತ್ತದೆ, ಸಮತೋಲವನ್ನಲ್ಲ. ಕಷ್ಟವಿರುವುದು ಎರಡನೆಯದರಲ್ಲೇ. ನೀವೇ ಬಿಚ್ಚುವುದಾದರೆ 15ನೇ ನಂಬರಿನ ಸ್ಪ್ಯಾನರ್ ಸಾಕು, ಎಡ ಪೆಡಲಿನ ಮರೆ ಮಾತ್ರ ಉಲ್ಟಾ ತಿರುಗುತ್ತದೆ. ನಾನು ಅದನ್ನು ತಿಳಿಯದೆ ಒಂದು ಸಂಜೆಯಿಡೀ ಬಿಗಿ ಮಾಡುತ್ತಲೇ ಇದ್ದೆ.

ಗೋಡೆಯ ಗೆರೆಗಳನ್ನು ಈಗ ಬಾಗಿಲ ಚೌಕಟ್ಟಿಗೆ ಸಾಗಿಸಿದ್ದೇವೆ, ಮನೆ ಮಾಲೀಕರಿಗೆ ಗೊತ್ತಿಲ್ಲ. ಕಳೆದ ಭಾನುವಾರ ಮಗಳ ಗೆರೆ 64ಕ್ಕೆ ಬಂತು. 20 ಇಂಚಿನದರ ಸೀಟು ಇನ್ನು ಏರುವುದಿಲ್ಲ. ಇಬ್ಬರೂ ಕೆಳಗೆ ಹೋಗಿ ನೀಲಿ ಸೈಕಲ್ಲಿನ ಧೂಳು ಒರೆಸಿದೆವು. ಚೈನು ಕೆಂಪಗಾಗಿದೆ, ಎರಡು ಟೈರೂ ಬಿರಿದಿವೆ, ಜೌನ್‌ಪುರದವರ ಹತ್ತಿರ ಒಯ್ಯಬೇಕು. ‘ಇನ್ನೂ ಒಂದು ಸೆಂಟಿಮೀಟರ್ ಇದೆ ಅಪ್ಪಾ’ ಎಂದಳು. ಗಣಪತಿ ಹಬ್ಬ ಕಳೆಯಲಿ, ಮಳೆಯೂ ನಿಂತಿರುತ್ತದೆ ಎಂದೆ. ಅಷ್ಟರಲ್ಲಿ ಮಗ ಅಕ್ಕನ ಸೈಕಲ್ ಹತ್ತಿ, ಗೋಡೆ ಹಿಡಿದುಕೊಂಡು ಕೂತಿದ್ದ. ಅವನ ಗೆರೆ ಇನ್ನೂ 47. ಕಾಲು ಎಟುಕಲ್ಲ, ಇಳಿ ಅಂದರೆ, ‘ಬೆಳೀತೀನಲ್ಲ!’ ಎನ್ನುತ್ತಾನೆ.