ಟ್ಯಾಬಿನ ಕಾಟ, ತಿಜೋರಿ ಕೀಲಿ

ನಮ್ಮ ಮನ್ಯಾಗ ಲ್ಯಾಪ್‌ಟಾಪ್ ಇರೂದು ಅಡಿಗಿಮನಿ ಬಾಜೂಕಿನ ಟೇಬಲ್ ಮ್ಯಾಲೆ. ಇವರ ಪೆನ್ಶನ್, ಲೈಟ್ ಬಿಲ್, ಅತ್ತಿಯವರ ಗುಳಿಗಿ ತರಸೂದು, ಎಲ್ಲಾ ಅದರಾಗ, ಎಲ್ಲಾ ನಂದ ಕಾರಭಾರ. ಆದ್ರ ಕ್ರೋಮ್‌ನಾಗಿನ ಟ್ಯಾಬಿನ ಕಾಟಕ್ಕ ಸಾಕಾಗಿತ್ತು ನೋಡ್ರಿ. ಕಡೇ ಟ್ಯಾಬ್ ಮುಚ್ಚಿದ್ರ ಪೂರಾ ಕ್ರೋಮೇ ಮುಚ್ಚಿ ಹೋಗೂದು. ಹೊಸಾ ಟ್ಯಾಬ್ ತಗದ್ರ ಸಾಲಿನ ತುದಿಗೆ ಹೋಗಿ ಕೂಡೂದು. ಅದನ್ನ ಹುಡುಕೂದ್ರಾಗ ಒಲಿ ಮ್ಯಾಲೆ ಹಾಲು ಉಕ್ಕಿರ್ತಿತ್ತು.

ಹೋದ ತಿಂಗಳ ಇವರ ದವಾಖಾನಿ ಖರ್ಚಿನ ಅರ್ಜಿ ಮುಕ್ಕಾಲು ತುಂಬಿದ್ದೆ. ಬಾಜೂಕಿನ ಟ್ಯಾಬ್ ಮುಚ್ಚಲಿಕ್ಕೆ ಹೋಗಿ ಅದನ್ನೇ ಮುಚ್ಚಿದೆ. ಅಳು ಬರೂದೊಂದ ಬಾಕಿ.

"ಕಾಕೂ, ಒಂದು ಎಕ್ಸ್‌ಟೆನ್ಶನ್ ಹಾಕ್ಕೊಂಡಬಿಡ್ರಿ" ಅಂದಾ ಬಾಜೂ ಮನಿ ಹುಡುಗ. ಎಕ್ಸ್‌ಟೆನ್ಶನ್ ಅಂದ್ರ ಬ್ರೌಸರಿಗೆ ಮ್ಯಾಲಿಂದ ಜೋಡಿಸೋ ಸಣ್ಣ ಸಾಮಾನು. ಹುಡುಕಿದೆ, ಸಿಕ್ತು. ಒತ್ತಬೇಕು ಅನ್ನೂದ್ರಾಗ ಒಂದು ಸಾಲು ಕಂಡ್ತು: ಎಲ್ಲಾ ವೆಬ್‌ಸೈಟಿನಾಗಿನ ನಿಮ್ಮ ಮಾಹಿತಿ ಓದಬಹುದು, ಬದಲಿ ಮಾಡಬಹುದು ಅಂತ. ಮಗಳಿಗೆ ಫೋನ್ ಹಚ್ಚಿದೆ.

"ಅವ್ವಾ, ಒತ್ತಬ್ಯಾಡ! ಅದರಾಗ ಬ್ಯಾಂಕೂ ಬಂತಲ್ಲಾ. ಕಿಡಕಿ ಚಿಲಕಾ ರಿಪೇರಿಗೆ ಬಂದಾಂವಗ ತಿಜೋರಿ ಕೀಲಿ ಯಾಕ ಕೊಡ್ತಿ?"

ಆಮ್ಯಾಲೆ ಆಕಿನ ಹೇಳಿದ್ಲು. ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತಂತ, ಸುಮ್ಮನ ತೆರೆದಿಟ್ಟ ಟ್ಯಾಬ್ ಮಲಗಿಸೂದು. ಭಾಳ ಮಂದಿ ನಂಬಿ ಹಾಕ್ಕೊಂಡಿದ್ರು. ಮಾಡಿದಾಂವ 2020ರಾಗ ಬ್ಯಾರೇಯವರಿಗೆ ಮಾರಿದಾ. 2021ರ ಫೆಬ್ರವರಿಯೊಳಗ, ಅದರಾಗ ಮಾಲ್‌ವೇರ್ ಅದ ಅಂತ ಗೂಗಲ್ಲೇ ಅದನ್ನ ಬಂದ್ ಮಾಡ್ತು. ಅಂದ್ರ ನಾವು ಕೀಲಿ ಕೊಟ್ಟಾಂವ ಒಳ್ಳೆಯಾಂವನ ಇರಬಹುದು, ನಾಳೆ ಅಂವನ ಅಂಗಡಿ ಯಾರ ಕೈಯಾಗ ಇರ್ತದೋ!

ಈಗ ನಾ ಮಾಡೂದು ಇಷ್ಟ. ಅರ್ಜಿ ತುಂಬೋ ಟ್ಯಾಬಿನ ಮ್ಯಾಲೆ ಮೌಸಿನ ಬಲಗುಂಡಿ ಒತ್ತಿ 'ಪಿನ್' ಮಾಡ್ತೀನಿ. ಅದು ಸಣ್ಣದಾಗಿ ಎಡಕ್ಕ ಕೂಡ್ತದ, ಮುಚ್ಚೋ ಗುರುತು ಇರೂದಿಲ್ಲ. ಉಳಿದದ್ದೆಲ್ಲಾ ಮುಚ್ಚಿದ್ರೂ ಕ್ರೋಮ್ ಮುಚ್ಚಿ ಹೋಗೂದಿಲ್ಲ. ತಪ್ಪಿ ಯಾವುದರ ಮುಚ್ಚಿದ್ರ ಕಂಟ್ರೋಲ್, ಶಿಫ್ಟ್, ಟಿ ಮೂರೂ ಕೂಡಿಸಿ ಒತ್ತಿದ್ರ ಟ್ಯಾಬ್ ವಾಪಸ್ ಬರ್ತದ. ಬರದದ್ದೂ ಬರ್ತದ ಅಂತ ಮಾತ್ರ ನಂಬಬ್ಯಾಡ್ರಿ. ಹೊಸಾ ಟ್ಯಾಬ್ ಬಾಜೂಕ್ಕೇ ತೆರಿಲಿಕ್ಕೆ ಒಂದ ಎಕ್ಸ್‌ಟೆನ್ಶನ್ ಹಾಕೀನಿ, ಯಾವ ಅನುಮತಿನೂ ಕೇಳಲಾರದ್ದು. ಬ್ಯಾಂಕಿನ ಕೆಲಸಾ ಇನ್‌ಕಾಗ್ನಿಟೋದಾಗ. ಅಲ್ಲೆ ನಾವಾಗೇ ಬಿಟ್ಟುಕೊಳ್ಳಲಾರದ ಎಕ್ಸ್‌ಟೆನ್ಶನ್ ಒಳಗ ಬರೂದಿಲ್ಲ.

ನೀವೂ ಒಂದ್ಸಲ ನಿಮ್ಮ ಎಕ್ಸ್‌ಟೆನ್ಶನ್ ಪಟ್ಟಿ ತಗದು ನೋಡ್ರಿ. ನನ್ನದರಾಗ ನಾಲ್ಕು ಇದ್ದವು, ಯಾವಾಗ ಹಾಕಿದ್ದೆನೋ ನೆಪ್ಪಿಲ್ಲ. ನಾಲ್ಕೂ ತಗದು ಒಗದೆ.

ಅರ್ಜಿ? ಮರುದಿನ ಮತ್ತ ಮೊದಲಿಂದ ತುಂಬಿದೆ, ಪಿನ್ ಹಾಕಿ, ಒಲಿ ಆರಿಸಿ.